ಮೂರನೇ ಜಾಕೆಟ್

ಜನವರಿಯ ಒಂದು ಭಾನುವಾರ ಅಕ್ಕನ ಮಗ ನಮ್ಮ ಕಾರವಾರದ ಮನೆಗೆ ಬಂದ. ಬಗಲಲ್ಲಿ ಸುತ್ತಿದ ನಕ್ಷೆ, ಕೈಯಲ್ಲಿ ಮೂರು ಹಳದಿ ಲೈಫ್ ಜಾಕೆಟ್.

"ಮಾವ, ಕೊಚ್ಚಿಯಿಂದ ಲಕ್ಷದ್ವೀಪದ ಅಗತ್ತಿಗೆ ಹೋಗೋಣ. ನಾನೇ ಹಾರಿಸ್ತೇನೆ" ಅಂದ.

ಅವನಿಗೆ ಪೈಲಟ್ ಲೈಸೆನ್ಸ್ ಸಿಕ್ಕು ಎರಡು ವರ್ಷ ಆಯ್ತು. ಸಂಬಳಕ್ಕಲ್ಲ, ಹವ್ಯಾಸಕ್ಕೆ. ಪರಿಚಯದವರ ಸೆಸ್ನಾ 172 ಅನ್ನುವ ಸಣ್ಣ ವಿಮಾನ ಸಿಗುತ್ತದಂತೆ. ನಾಲ್ಕು ಸೀಟು, ಒಂದೇ ಎಂಜಿನ್. ನಾನು ಹೂಂ ಅಂದುಬಿಟ್ಟೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು ನಾನು. ಲಕ್ಷದ್ವೀಪ ಅಂದರೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಇಡುತ್ತಿದ್ದ ಚುಕ್ಕಿಗಳು, ಅಷ್ಟೆ.

ಹಾಲಿನ ನೆಲದ ಮೇಲೆ ನಕ್ಷೆ ಹಾಸಿದ. ಪಕ್ಕದ ಮನೆಯ ತಾಂಡೇಲರೂ ಬಂದು ಕೂತರು. ಬೈತಖೋಲ್ ಬಂದರಿನಿಂದ ನಲವತ್ತು ವರ್ಷ ಬೋಟು ನಡೆಸಿದವರು. ಸುಮಾರು 460 ಕಿಲೋಮೀಟರ್ ಸಮುದ್ರ, ಎರಡೂಕಾಲು ತಾಸು. ದೇಶದೊಳಗಿನ ಪ್ರಯಾಣವೇ ಆದರೂ ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಹಾರುವ ಮೊದಲು ವಾಯುರಕ್ಷಣೆಯವರಿಂದ ಅನುಮತಿಯ ನಂಬರ್ ತಗೋಬೇಕು. ತಾಂಡೇಲರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ.

"ತಮಾ, ಟಾಗೋರ್ ಬೀಚಲ್ಲಿ ನಿಲ್ಲಿಸಿದ ಟುಪೋಲೆವ್ ವಿಮಾನಕ್ಕೆ ನಾಲ್ಕು ಎಂಜಿನ್ ಉಂಟು. ನಿನ್ನದು ಒಂದು. ಅದು ನಿಂತ್ರೆ?"

"8,000 ಅಡಿ ಎತ್ತರದಲ್ಲಿ ನಿಂತ್ರೆ 22 ಕಿಲೋಮೀಟರ್ ಗಾಳಿಯಲ್ಲಿ ತೇಲ್ತಾ ಹೋಗ್ಬಹುದು. ಕಾರವಾರದ ಮೇಲೆ ಆದ್ರೆ ಬೇಲೆಕೇರಿ ಮುಟ್ಟುತ್ತೆ. ಅಂಕೋಲಾ ಇಲ್ಲ."

ತಾಂಡೇಲರು ನಕ್ಷೆಯಲ್ಲಿ ಎಳೆದಿದ್ದ ಕೊಚ್ಚಿ-ಅಗತ್ತಿ ಗೆರೆಯ ಎರಡೂ ತುದಿಯಿಂದ ಅಷ್ಟಷ್ಟು ಬೆರಳಲ್ಲಿ ಅಳೆದರು. ನಡುವೆ ಉಳಿದ ನೀಲಿ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಗೆರೆಯಿಂದ ಒಂಚೂರು ಉತ್ತರಕ್ಕಿದ್ದ ಆಂಡ್ರೋತ್ ದ್ವೀಪದ ಮೇಲೆ ಬೆರಳಿಟ್ಟರು. "ಇದರ ಮಗ್ಗುಲಲ್ಲೇ ಹೋಗಬಾರದಾ?"

"ಅಲ್ಲಿ ರನ್‌ವೇ ಇಲ್ಲ."

"ರನ್‌ವೇ ಇಲ್ಲದಿದ್ರೆ ದೋಣಿ ಇರ್ತವಲ್ಲ, ಮಾರಾಯ."

ಹುಡುಗ ಲೆಕ್ಕ ಹಾಕಿದ. ದಾರಿ ಬಗ್ಗಿಸಿದರೆ ಜಾಸ್ತಿ ಆಗುವುದು ನಾಲ್ಕು ಕಿಲೋಮೀಟರ್ ಒಳಗೆ. ಹಳೇ ಗೆರೆ ಅಳಿಸಿ ಹೊಸದು ಎಳೆದ.

ನೀರಿಗೆ ಇಳಿಸಬೇಕಾಗಿ ಬಂದರೆ ಹೇಗೆ ಅನ್ನುವುದಕ್ಕೆ ದೊಡ್ಡ ಜಗಳವೇ ಆಯಿತು. ದೊಡ್ಡ ತೆರೆ ಬಂದರೆ ಮುಖ ಕೊಡಬೇಕು, ಅಡ್ಡ ಬಿದ್ದರೆ ಮಗುಚಿದ್ದೇ ಅಂತ ತಾಂಡೇಲರು. ವಿಮಾನ ಮುಖ ಕೊಟ್ಟರೆ ಗೋಡೆಗೆ ಗುದ್ದಿದ ಹಾಗೆ, ತೆರೆಯ ಉದ್ದಕ್ಕೇ ಇಳಿಸಬೇಕು ಅಂತ ಇವನು. ಮೊದಲೇ ಬಾಗಿಲಿನ ಚಿಲಕ ತೆಗೆದಿಡಬೇಕಂತೆ, ಬಡಿತಕ್ಕೆ ಚೌಕಟ್ಟು ಸೊಟ್ಟಗಾದರೆ ತೆರೆಯುವುದಿಲ್ಲ. ಇಬ್ಬರೂ ಅಂಗೈಯನ್ನೇ ವಿಮಾನ ಮಾಡಿ ನಕ್ಷೆ ಮೇಲೆ ಇಳಿಸಿ ಇಳಿಸಿ ತೋರಿಸಿದರು. ಕೊನೆಗೆ ತಾಂಡೇಲರು ಒಪ್ಪಿದರು. "ಸರಿ, ನಿನ್ನದು ದೋಣಿ ಅಲ್ಲ."

ಮೂರನೇ ಜಾಕೆಟ್ ಯಾರಿಗೆ ಅಂತ ನನಗೆ ಆಗ ಹೊಳೆಯಿತು. ಕೇಳಿದೆ. ಕಣ್ಣಿನ ಅಂದಾಜಿನಲ್ಲಿ ಹಾರುವವರು ಏರ್ ಟ್ರಾಫಿಕ್ ಕಂಟ್ರೋಲಿನ ಹತೋಟಿಯಲ್ಲಿರುವ ಆಕಾಶದಲ್ಲಿ ದಂಡೆಯಿಂದ 100 ನಾಟಿಕಲ್ ಮೈಲಿ, ಅಂದರೆ 185 ಕಿಲೋಮೀಟರ್ ದಾಟುವ ಹಾಗಿಲ್ಲವಂತೆ. ಅದರಾಚೆ ಉಪಕರಣ ನೋಡಿ ಹಾರುವ ಅರ್ಹತೆ ಬೇಕು. ಮಬ್ಬು ಕವಿದರೆ ನೀರು ಯಾವುದು, ಆಕಾಶ ಯಾವುದು ಅಂತಲೇ ತಿಳಿಯದು. ನಮ್ಮ ದಂಡೆಯಲ್ಲೂ ಚಳಿಗಾಲದ ಬೆಳಿಗ್ಗೆ ಎಷ್ಟೋ ಸಲ ದೇವಗಡ ದ್ವೀಪವೇ ಕಾಣುವುದಿಲ್ಲ, ಅಲ್ವಾ? ಇವನಿಗೆ ಆ ಅರ್ಹತೆ ಇನ್ನೂ ಇಲ್ಲ. ಹಾಗಾಗಿ ಅದಿರುವ ಒಬ್ಬ ಹಿರಿಯ ಪೈಲಟ್ ಜೊತೆಗೆ ಬರುತ್ತಾರೆ. ಹಾಗಾದರೆ "ನಾನೇ ಹಾರಿಸ್ತೇನೆ" ಅಂದಿದ್ದು? ಕೇಳಲು ಹೋಗಲಿಲ್ಲ.

ಆಮೇಲೆ ತೂಕ. ಲಕ್ಷದ್ವೀಪಕ್ಕೆಲ್ಲ ಇರುವುದು ಅಗತ್ತಿ ಒಂದೇ ವಿಮಾನ ನಿಲ್ದಾಣ. ಅಲ್ಲಿ ಮಳೆ ಬಂದು ಇಳಿಯಲು ಆಗದಿದ್ದರೆ ವಾಪಸ್ ಕೊಚ್ಚಿಗೇ ಬರಬೇಕು. ಅದಕ್ಕೆ ಟ್ಯಾಂಕ್ ತುಂಬಾ, ಸುಮಾರು 200 ಲೀಟರ್ ಇಂಧನ ಬೇಕೇ ಬೇಕು. ಅದು ತುಂಬಿದ ಮೇಲೆ ಜನಕ್ಕೂ ಸಾಮಾನಿಗೂ ಉಳಿಯುವುದು ಹತ್ತಿರ ಹತ್ತಿರ 240 ಕಿಲೋ. ಅವನು 72, ಹಿರಿಯರು 80. ಗಾಳಿ ತುಂಬುವ ತೆಪ್ಪ, ಜಾಕೆಟ್, ನೀರು, ಚೀಲ ಸೇರಿ 30. ಒಳಕೋಣೆಯಿಂದ ತೂಕದ ಮಷೀನ್ ತಂದಿಟ್ಟ. ನಾನು ಹತ್ತಿದೆ. 91.

"ಮಾವ, ಇಂಧನ ಬಿಟ್ಟುಹೋಗೋ ಹಾಗಿಲ್ಲ" ಅಂದ, ನೆಲ ನೋಡುತ್ತಾ.

ಇಡ್ಲಿಯ ಮೇಲೆ ತುಪ್ಪ ಸುರಿದವಳು ಅವನ ಅತ್ತೆ, ನನ್ನ ತಪ್ಪೇನು? ಸಿಟ್ಟಿಗೆ ಜಾಕೆಟ್ ಒಂದನ್ನು ತಲೆಗೆ ಹಾಕಿಕೊಂಡೆ. ಕೆಂಪು ಹಿಡಿ ಕಂಡಿತು, ಎಳೆದೆ. ಬುಸ್ ಅಂತ ಉಬ್ಬಿ ಕುತ್ತಿಗೆ ಹಿಡಿದುಕೊಂಡಿತು. ಚಹಾದ ಲೋಟ ಉರುಳಿ ಆಂಡ್ರೋತ್ ಮುಳುಗಿತು. ವಿಮಾನದೊಳಗೆ ಹೀಗೆ ಎಳೆದರೆ ಸತ್ತ ಹಾಗೆಯೇ ಅಂತ ಹುಡುಗ ಬೈದ. ನೀರು ಏರುತ್ತಾ ಹೋದರೆ ಜಾಕೆಟ್ಟು ನಮ್ಮನ್ನು ಚಾವಣಿಗೆ ಒತ್ತಿಬಿಡುತ್ತದೆ, ಮುಳುಗಿ ಬಾಗಿಲು ಹುಡುಕಲು ಬಿಡುವುದಿಲ್ಲ. ಹೊರಗೆ ಬಂದಮೇಲೇ ಎಳೆಯಬೇಕು. ಜಾಕೆಟ್ಟಿನ ಗ್ಯಾಸಿನ ಹೊಸ ಪುಟ್ಟ ಸಿಲಿಂಡರಿನ ದುಡ್ಡು ನನ್ನ ಲೆಕ್ಕಕ್ಕೆ ಬರೆದುಕೊಂಡ.

ನಕ್ಷೆ ಒರೆಸುತ್ತಿದ್ದವನು ಅಷ್ಟಕ್ಕೇ ಕೈ ನಿಲ್ಲಿಸಿ ಪಕ್ಕಕ್ಕೆ ನೋಡಿದ.

"ತಾಂಡೇಲರೇ, ನಿಮ್ಮ ತೂಕ ಎಷ್ಟು?"

ಅವರು ಪಂಚೆ ಮೇಲೆ ಕಟ್ಟಿ ಮಷೀನ್ ಹತ್ತಿದರು. 56.