ಯಾವ ಆಟದವರು ಜಾಸ್ತಿ ಗಟ್ಟಿ?

ಆಗಸ್ಟ್ 10, 2025, ಭಾನುವಾರ

ಇಂಗ್ಲೆಂಡ್ ವಿರುದ್ಧದ ಓವಲ್ ಟೆಸ್ಟ್ ಮುಗಿದು ವಾರ ಆಗುತ್ತಾ ಬಂತು. ಅವರ ಬೌಲರ್ ಕ್ರಿಸ್ ವೋಕ್ಸ್ ಇನ್ನೂ ಕಣ್ಣ ಮುಂದೆಯೇ ಇದ್ದಾರೆ. ಗೆಲ್ಲೋಕೆ 17 ರನ್ ಬೇಕು, ಒಂಬತ್ತು ವಿಕೆಟ್ ಬಿದ್ದಾಗಿದೆ. ಎಡಭುಜದ ಕೀಲು ತಪ್ಪಿದೆ. ಆ ಕೈಯನ್ನು ಸ್ಲಿಂಗ್‌ಗೆ ಹಾಕಿ ಸ್ವೆಟರ್ ಒಳಗೆ ಸೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಬ್ಯಾಟ್ ಹಿಡಿದು ಬಂದರು. ಒಂದು ಚೆಂಡನ್ನೂ ಎದುರಿಸಬೇಕಾಗಿ ಬರಲಿಲ್ಲ. ಆದರೆ ಓಡಬೇಕಾಯಿತು. ಓಡಿದಾಗಲೆಲ್ಲ ಮುಖ ಕಿವುಚಿಕೊಳ್ಳುತ್ತಿತ್ತು. ಕೊನೆಗೆ ಸಿರಾಜ್ ಅಟ್ಕಿನ್ಸನ್ ಸ್ಟಂಪ್ ಎಗರಿಸಿದರು, ನಾವು 6 ರನ್‌ನಿಂದ ಗೆದ್ದೆವು.

ಅದರ ಹಿಂದಿನ ಟೆಸ್ಟ್‌ನಲ್ಲಿ, ಮ್ಯಾಂಚೆಸ್ಟರ್‌ನಲ್ಲಿ, ಇದೇ ವೋಕ್ಸ್ ಹಾಕಿದ ಚೆಂಡು ರಿಷಭ್ ಪಂತ್ ಬಲಪಾದಕ್ಕೆ ಬಡಿದು ಮೂಳೆ ಮುರಿದಿತ್ತು. 37 ರನ್‌ಗೆ ಹೊರಗೆ ಹೋದ ಪಂತ್ ಮಾರನೇ ದಿನ ಕುಂಟುತ್ತಾ ಬಂದು 54ರವರೆಗೆ ಆಡಿದರು.

ಇವತ್ತು ಗೆಳೆಯರ ಜೊತೆ ಮಾತು ಇಲ್ಲಿಗೇ ಬಂತು. "ಅಲ್ಲಯ್ಯಾ, ಕ್ರಿಕೆಟ್‌ನಲ್ಲಿ ಒಬ್ಬರ ಮೈ ಒಬ್ಬರಿಗೆ ತಾಗೋದೇ ಇಲ್ಲ. ರಗ್ಬಿ ನೋಡು, ಆಮೇಲೆ ಗಟ್ಟಿತನದ ಮಾತಾಡು" ಎಂದ ಒಬ್ಬ. ಇನ್ನೊಬ್ಬ ಫುಟ್‌ಬಾಲ್ ಆಡುವವರನ್ನು ಹಿಡಿದುಕೊಂಡ. ಗಾಳಿ ಬೀಸಿದರೂ ಬೀಳ್ತಾರೆ, ಎರಡು ನಿಮಿಷ ಉರುಳಾಡಿ ಎದ್ದು ಓಡ್ತಾರೆ, ಅವರೆಲ್ಲ ಎಂಥ ಗಟ್ಟಿ ಅಂತ. ಬ್ಯಾಸ್ಕೆಟ್‌ಬಾಲ್‌ನವರನ್ನೂ ಬಿಡಲಿಲ್ಲ. ಈ ಜಗಳ ಎಲ್ಲ ಕಡೆ ಇರುವುದೇ. ಪ್ರತಿ ಆಟದ ಅಭಿಮಾನಿಗೂ ಪಕ್ಕದ ಆಟದವರು ಮೆತ್ತಗೆ ಕಾಣುತ್ತಾರೆ. ಅಲ್ಲಿ ಜಾಸ್ತಿ ಮಾತಾಡೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಅನ್ನಿಸುವುದು ಇಷ್ಟು. ಆಟಗಾರ ನೋವನ್ನು ಬಚ್ಚಿಡುತ್ತಾನೋ ತೋರಿಸುತ್ತಾನೋ ಅನ್ನುವುದನ್ನು ಅವನ ಗುಂಡಿಗೆಗಿಂತ ಅವನ ಆಟದ ನಿಯಮವೇ ಹೆಚ್ಚಾಗಿ ತೀರ್ಮಾನ ಮಾಡುತ್ತದೆ.

1970ರಲ್ಲಿ ಸಿಡ್ನಿಯಲ್ಲಿ ನಡೆದ ರಗ್ಬಿ ಲೀಗ್ ಫೈನಲ್ ತೆಗೆದುಕೊಳ್ಳಿ. ಸೌತ್ ಸಿಡ್ನಿ ನಾಯಕ ಜಾನ್ ಸ್ಯಾಟ್ಲರ್ ದವಡೆ ಪಂದ್ಯ ಶುರುವಾದ ಕೆಲವೇ ನಿಮಿಷಕ್ಕೆ ಮುರಿಯಿತು. ಅವರು ಪಕ್ಕದ ಆಟಗಾರನಿಗೆ ಹೇಳಿದ್ದು, ನನ್ನನ್ನು ಹಿಡಿದು ನಿಲ್ಲಿಸು, ನನಗೆ ಏಟಾಗಿದೆ ಅಂತ ಅವರಿಗೆ ಗೊತ್ತಾಗಬಾರದು ಅಂತ. ಕೊನೆವರೆಗೂ ಆಡಿದರು, ಕಪ್ ಗೆದ್ದರು. ಯಾಕೆ ಬಚ್ಚಿಡಬೇಕಿತ್ತು? ಗೊತ್ತಾದರೆ ಎದುರಾಳಿಗಳು ಮತ್ತೆ ಮತ್ತೆ ಅವರ ಮೇಲೆಯೇ ನುಗ್ಗುತ್ತಿದ್ದರು. ರಗ್ಬಿಯಲ್ಲಿ ಒಬ್ಬ ಬಿದ್ದರೆ ಸಾಮಾನ್ಯವಾಗಿ ಆಟ ನಿಲ್ಲುವುದಿಲ್ಲ. ಫಿಸಿಯೋ ಮೈದಾನಕ್ಕೆ ಬಂದು ಅವನಿಗೆ ಪಟ್ಟಿ ಕಟ್ಟುತ್ತಿದ್ದರೆ, ಆಚೆ ಆಟ ನಡೆದೇ ಇರುತ್ತದೆ. ಬಿದ್ದವನಿಂದ ತಂಡಕ್ಕೆ ನಷ್ಟವೇ ಹೊರತು ಲಾಭ ಏನೂ ಇಲ್ಲ.

ಈಗ ಫುಟ್‌ಬಾಲ್‌ಗೆ ಬನ್ನಿ. ವಿಂಗರ್ ಪೂರ್ತಿ ವೇಗದಲ್ಲಿ ಓಡುತ್ತಿದ್ದಾನೆ. ಪಕ್ಕದಲ್ಲಿ ಓಡುತ್ತಿರುವ ಡಿಫೆಂಡರ್‌ನ ಬೂಟಿನ ತುದಿ ಇವನ ಹಿಮ್ಮಡಿಗೆ ತಾಗುತ್ತದೆ. ಕಣ್ಣಿಗೆ ಕಾಣದಷ್ಟು. ಆದರೆ ಒಂದು ಕಾಲು ಇನ್ನೊಂದಕ್ಕೆ ತೊಡರಿ ಹೆಜ್ಜೆ ತಪ್ಪುತ್ತದೆ. ಹೇಗೋ ಸಂಭಾಳಿಸಿಕೊಂಡು ನಿಂತ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಚೆಂಡು ಕೈತಪ್ಪಿರುತ್ತದೆ, ರೆಫರಿ ಶಿಳ್ಳೆ ಹೊಡೆಯುವುದು ತೀರಾ ಅಪರೂಪ. ಬಿದ್ದರೆ ಫ್ರೀ ಕಿಕ್ ಸಿಗುತ್ತದೆ, ಪೆನಾಲ್ಟಿ ಬಾಕ್ಸ್ ಒಳಗಾದರೆ ಒಂದು ಗೋಲೇ ಸಿಗಬಹುದು. ಇಡೀ ಪಂದ್ಯದಲ್ಲಿ ಎರಡೋ ಮೂರೋ ಗೋಲು ಆಗುವ ಆಟದಲ್ಲಿ ಇದು ಸಣ್ಣ ವಿಷಯ ಅಲ್ಲ. ಪ್ರಾಮಾಣಿಕವಾಗಿ ನಿಂತವನಿಗೆ ಕೈಗೆ ಏನೂ ಬರುವುದಿಲ್ಲ. ಹೀಗಿರುವಾಗ ಬೀಳುವುದನ್ನು ಕಲಿಸಿದ್ದು ಆಟವೇ ಅಲ್ವಾ?

ಒಂದರಲ್ಲಿ ನೋವನ್ನು ಎದುರಾಳಿಯಿಂದ ಮುಚ್ಚಿಡಬೇಕು, ಇನ್ನೊಂದರಲ್ಲಿ ರೆಫರಿಗೆ ತೋರಿಸಬೇಕು. ಹಾಗಂತ ಸುಳ್ಳು ನಾಟಕ ಸರಿ ಅಂತ ನಾನು ಹೇಳುತ್ತಿಲ್ಲ. 2002ರ ವಿಶ್ವಕಪ್‌ನಲ್ಲಿ ಟರ್ಕಿ ಆಟಗಾರ ಒದ್ದ ಚೆಂಡು ರಿವಾಲ್ಡೊ ಕಾಲಿಗೆ ಬಡಿಯಿತು, ಅವರು ಮುಖ ಹಿಡಿದುಕೊಂಡು ಬಿದ್ದರು. ಅಂಥ ದೊಡ್ಡ ಆಟಗಾರ ಹಾಗೆ ಮಾಡಿದ್ದು ಬೇಜಾರಿನ ಸಂಗತಿ. ಫಿಫಾ ದಂಡ ಹಾಕಿದ್ದು ಸರಿಯಾಗಿಯೇ ಇತ್ತು. ಆದರೆ ಆ ಒಂದು ದೃಶ್ಯ ಹಿಡಿದುಕೊಂಡು ಇಡೀ ಆಟದವರನ್ನು ಪುಕ್ಕಲರು ಅನ್ನುವುದು ಅನ್ಯಾಯ. 1956ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಗೋಲ್‌ಕೀಪರ್ ಬರ್ಟ್ ಟ್ರಾಟ್‌ಮನ್ ಎದುರಾಳಿಯ ಕಾಲಬುಡಕ್ಕೆ ಧುಮುಕಿ ಚೆಂಡು ಹಿಡಿದರು. ಅವನ ಮೊಣಕಾಲು ಇವರ ಕತ್ತಿಗೆ ಬಡಿಯಿತು. ಇನ್ನೂ 17 ನಿಮಿಷ ಬಾಕಿ ಇತ್ತು. ಅಷ್ಟೂ ಹೊತ್ತು ಗೋಲು ಕಾದರು, ಸಿಟಿ 3-1ರಿಂದ ಗೆದ್ದಿತು. ಆಮೇಲೆ ಕೆಲವು ದಿನ ಕಳೆದು ಎಕ್ಸ್‌ರೇ ತೆಗೆದಾಗ ಕತ್ತಿನ ಮೂಳೆ ಮುರಿದಿದ್ದು ಗೊತ್ತಾಯಿತು. ಆಗ ಬದಲಿ ಆಟಗಾರನ ಪದ್ಧತಿ ಇರಲಿಲ್ಲ. ಇಂಗ್ಲಿಷ್ ಲೀಗ್‌ನಲ್ಲಿ ಅದು ಬಂದದ್ದೇ 1965ರಲ್ಲಿ. ಟ್ರಾಟ್‌ಮನ್ ಹೊರಗೆ ಹೋಗಿದ್ದರೆ ಸಿಟಿ ಹತ್ತೇ ಜನರಲ್ಲಿ ಆಡಬೇಕಿತ್ತು, ಗೋಲಿನಲ್ಲಿ ಬೇರೆ ಯಾರೋ ನಿಲ್ಲಬೇಕಿತ್ತು.

ಅನಿಲ್ ಕುಂಬ್ಳೆ ಕತೆಯೂ ಅದೇ. 2002, ಆಂಟಿಗಾ. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲನ್ ಚೆಂಡಿಗೆ ದವಡೆ ಮುರಿಯಿತು. ತಲೆಯಿಂದ ಗಲ್ಲದವರೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಂದು 14 ಓವರ್ ಹಾಕಿದರು, ಲಾರಾ ಅವರನ್ನು ಎಲ್‌ಬಿಡಬ್ಲ್ಯೂ ಮಾಡಿದರು. ಆ ಫೋಟೊ ನೋಡಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ, ಈಗಲೂ. ಆದರೆ ನಿಯಮ ಏನು ಹೇಳುತ್ತಿತ್ತು ನೋಡಿ. ಬದಲಿಗೆ ಬಂದವನು ಫೀಲ್ಡಿಂಗ್ ಮಾಡಬಹುದು, ಬೌಲಿಂಗ್ ಮಾಡುವಂತಿಲ್ಲ. ಅವರು ಹಾಕದಿದ್ದರೆ ತಂಡಕ್ಕೆ ಒಬ್ಬ ಬೌಲರ್ ಕಮ್ಮಿ.

ಮೈ ತಾಗದ ಆಟ ಅಂದರೆ ಮೆತ್ತನೆ ಆಟ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಕ್ರಿಕೆಟ್ ಚೆಂಡಿನ ತೂಕ ಸುಮಾರು 156ರಿಂದ 163 ಗ್ರಾಂ. ಹಾಕಿ ಚೆಂಡೂ ಅಷ್ಟೇ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ, ಪಕ್, ಕೂಡ ಹೆಚ್ಚು ಕಮ್ಮಿ ಅಷ್ಟೇ, 156ರಿಂದ 170 ಗ್ರಾಂ. ಮೂರೂ ಕಲ್ಲಿನ ಥರ ಗಟ್ಟಿ, ಮೂರೂ ಗಂಟೆಗೆ ನೂರು ಕಿಲೋಮೀಟರ್ ಮೀರಿ ಬರುತ್ತವೆ. ಹಾಕಿಯ ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಹೊಡೆಯುವವನ ಎದುರಿಗೆ ಮೊದಲು ಓಡಿಹೋಗುವ ಡಿಫೆಂಡರ್‌ನನ್ನು ಗಮನಿಸಿದ್ದೀರಾ? ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್, ಮೊಣಕಾಲಿಗೆ ಪ್ಯಾಡ್, ಹೆಚ್ಚು ಕಮ್ಮಿ ಅಷ್ಟೇ. ಚೆಂಡು ಬರುವ ದಾರಿಗೆ ತಾನಾಗಿ ಮೈ ಒಡ್ಡುತ್ತಾನೆ. ಯಾರ ಮೈಯೂ ಅವನಿಗೆ ತಾಗುವುದಿಲ್ಲ. ಕ್ರಿಕೆಟ್‌ನಲ್ಲಿ, ಬ್ಯಾಟ್ಸ್‌ಮನ್‌ಗೆ ತೀರಾ ಹತ್ತಿರದ ಶಾರ್ಟ್ ಲೆಗ್‌ನಲ್ಲಿ ಹೆಲ್ಮೆಟ್ ಇಲ್ಲದೆ ನಿಂತಿದ್ದ ರಮಣ್ ಲಾಂಬಾ 1998ರಲ್ಲಿ ಢಾಕಾದಲ್ಲಿ ತಲೆಗೆ ಚೆಂಡು ಬಡಿದು ತೀರಿಕೊಂಡರು. 2014ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಫಿಲ್ ಹ್ಯೂಸ್ ಹೋದರು. ಅವರು ಹೆಲ್ಮೆಟ್ ಹಾಕಿದ್ದರು, ಚೆಂಡು ಅದರ ಕೆಳಗೆ ಕತ್ತಿಗೆ ಬಡಿಯಿತು. ಇವರ ಆಟವನ್ನು ಮೆತ್ತನೆಯದು ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ಐಸ್ ಹಾಕಿಯಲ್ಲಿ 2013ರ ಪ್ಲೇಆಫ್ ಪಂದ್ಯವೊಂದಿದೆ. ಬಾಸ್ಟನ್ ಬ್ರೂಯಿನ್ಸ್‌ನ ಗ್ರೆಗರಿ ಕ್ಯಾಂಪ್‌ಬೆಲ್ ಎದುರಾಳಿ ಹೊಡೆದ ಪಕ್‌ಗೆ ಅಡ್ಡ ಬಿದ್ದರು. ಕಾಲಿನ ಮೂಳೆ ಮುರಿಯಿತು. ತಂಡದಲ್ಲಿ ಆಗಲೇ ಒಬ್ಬ ಪೆನಾಲ್ಟಿಗೆ ಹೊರಗೆ ಕೂತಿದ್ದ. ಇವರು ಎದ್ದರು, ಒಂದೇ ಕಾಲಿನ ಮೇಲೆ ಭಾರ ಹಾಕಿ ಸುಮಾರು ಒಂದು ನಿಮಿಷ ಮಂಜಿನ ಮೇಲೆ ಆಚೆ ಈಚೆ ಜಾರುತ್ತಾ ಸ್ಟಿಕ್ ಅಡ್ಡ ಹಿಡಿಯುತ್ತಲೇ ಇದ್ದರು. ಪಕ್ ಎದುರಾಳಿಗಳ ಹತ್ತಿರವೇ ಇತ್ತು, ಶಿಳ್ಳೆ ಬೀಳಲಿಲ್ಲ. ಇದೇ ಕ್ಯಾಂಪ್‌ಬೆಲ್ ಫುಟ್‌ಬಾಲ್ ಆಡುತ್ತಿದ್ದರೆ ನೆಲದ ಮೇಲೆ ಮಲಗಿ ಕೈ ಎತ್ತುತ್ತಿದ್ದರು, ರೆಫರಿ ಆಟ ನಿಲ್ಲಿಸುತ್ತಿದ್ದರು. ಮನುಷ್ಯ ಅವನೇ ಆಗಿರುತ್ತಿದ್ದ.

ಬ್ಯಾಸ್ಕೆಟ್‌ಬಾಲ್ ಬಗ್ಗೆ ಒಂದೇ ಮಾತು. ಮುಂದಿನ ಸಲ ನೋಡುವಾಗ ಚಾರ್ಜ್ ತೆಗೆದುಕೊಳ್ಳುವವನನ್ನು ನೋಡಿ. ನೂರು ಕೆ.ಜಿ. ಮೀರಿದವನು ಓಡಿ ಬರುತ್ತಿದ್ದಾನೆ. ಇವನು ಅವನ ದಾರಿಯಲ್ಲಿ ಕಾಲೂರಿ ಎದೆ ಕೊಟ್ಟು ನಿಲ್ಲುತ್ತಾನೆ. ಪ್ಯಾಡ್ ಇಲ್ಲ, ಕೆಳಗೆ ಮರದ ನೆಲ. ಅಂಗಾತ ಬೀಳುತ್ತೇನೆ ಅಂತ ಗೊತ್ತಿದ್ದೇ ನಿಲ್ಲುತ್ತಾನೆ.

ಇನ್ನು ಅಮೆರಿಕನ್ ಫುಟ್‌ಬಾಲ್ ದೊಡ್ಡದೋ ರಗ್ಬಿ ದೊಡ್ಡದೋ ಅನ್ನುವ ಜಗಳ. ರಗ್ಬಿಯವರು ಹೇಳುವುದು, ಅವರಿಗೆ ಹೆಲ್ಮೆಟ್ ಇದೆ, ಪ್ಯಾಡ್ ಇದೆ, ನಮಗೆ ಏನೂ ಇಲ್ಲ, ಆದ್ದರಿಂದ ನಾವೇ ಗಟ್ಟಿ. ಆದರೆ ಹೆಲ್ಮೆಟ್ ಏನು ಮಾಡಿತು ಅಂತ ನೋಡಿದರೆ ಗಾಬರಿಯಾಗುತ್ತದೆ. ಹೆಲ್ಮೆಟ್ ಗಟ್ಟಿಯಾದಷ್ಟೂ ಆಟಗಾರರು ತಲೆಯನ್ನೇ ಮುಂದೆ ಮಾಡಿ ಗುದ್ದೋಕೆ ಶುರು ಮಾಡಿದರು. ಹಾಗೆ ತಲೆ ತಗ್ಗಿಸಿ ಗುದ್ದಿದಾಗ ಕತ್ತಿನ ಮೂಳೆ ಮುರಿದು ಕೈಕಾಲು ಸ್ವಾಧೀನ ತಪ್ಪಿದ ಹುಡುಗರು ಎಷ್ಟೋ ಜನ. 1976ರಲ್ಲಿ ಶಾಲೆ, ಕಾಲೇಜು ಮಟ್ಟದಲ್ಲಿ ಅದನ್ನು ನಿಷೇಧಿಸಿದರು, ಅಂಥ ಗಾಯಗಳು ತುಂಬಾ ಕಡಿಮೆಯಾದವು. ರಗ್ಬಿಯಲ್ಲಿ ತಲೆ ಬರೀ ತಲೆ. ಅದಕ್ಕೇ ಟ್ಯಾಕಲ್ ಮಾಡುವಾಗ ಭುಜ ತಾಗಿಸು, ತಲೆಯನ್ನು ಪಕ್ಕಕ್ಕೆ ಇಡು ಅಂತ ಮೊದಲ ದಿನವೇ ಹೇಳಿಕೊಡುತ್ತಾರೆ. ರಕ್ಷಣೆ ಜಾಸ್ತಿ ಇದ್ದ ಕಡೆ ಏಟೂ ಜಾಸ್ತಿಯಾಯಿತು. ಹಾಗಾಗಿ ಪ್ಯಾಡ್ ಲೆಕ್ಕ ಹಾಕಿ ಗಟ್ಟಿತನ ಅಳೆಯುವುದು ಸುಮ್ನೆ.

ನನ್ನನ್ನು ಎಲ್ಲಕ್ಕಿಂತ ಕಾಡುವುದು ಯಾರ ಕಣ್ಣಿಗೂ ಬೀಳದ ಪೆಟ್ಟು. ಮೈಕ್ ವೆಬ್‌ಸ್ಟರ್ ಅಮೆರಿಕನ್ ಫುಟ್‌ಬಾಲ್‌ನ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್. ಚೆಂಡನ್ನು ಹಿಂದಕ್ಕೆ ಕೊಟ್ಟ ಕೂಡಲೇ ಎದುರಿನವನ ಜೊತೆ ಡಿಕ್ಕಿ, ಪ್ರತಿ ಸಲವೂ. ಆ ಡಿಕ್ಕಿಗಳನ್ನು ಟಿವಿಯಲ್ಲಿ ಯಾರೂ ಮತ್ತೆ ಮತ್ತೆ ತೋರಿಸುವುದಿಲ್ಲ. ಅವರು 2002ರಲ್ಲಿ, 50ನೇ ವಯಸ್ಸಿನಲ್ಲಿ ತೀರಿಕೊಂಡರು. ಡಾಕ್ಟರ್ ಬೆನೆಟ್ ಒಮಾಲು ಅವರ ಮಿದುಳನ್ನು ಪರೀಕ್ಷೆ ಮಾಡಿ, ಪದೇ ಪದೇ ತಲೆಗೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಅನ್ನುವ ಕಾಯಿಲೆ ಅದು ಅಂತ ತೋರಿಸಿಕೊಟ್ಟರು. ಅದೇ 2002ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜೆಫ್ ಆ್ಯಸ್ಟಲ್ ಕೂಡ ಹೋದರು. ಹೆಡ್ಡರ್‌ಗೆ ಹೆಸರಾದವರು. ಸಾವಿನ ವಿಚಾರಣೆ ಮಾಡಿದ ಅಧಿಕಾರಿ ಇದು ಮಾಡಿದ ಕೆಲಸದಿಂದಲೇ ಬಂದ ಕಾಯಿಲೆ ಅಂತ ತೀರ್ಪು ಕೊಟ್ಟರು. 2014ರಲ್ಲಿ ಮತ್ತೆ ನೋಡಿದಾಗ ಅವರಲ್ಲೂ ಸಿಟಿಇ ಕಂಡಿತು. 2019ರಲ್ಲಿ ಗ್ಲ್ಯಾಸ್ಗೋದ ಸಂಶೋಧಕರು ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರ ದಾಖಲೆ ತೆಗೆದರು. ಡಿಮೆನ್ಶಿಯಾದಂಥ (ಮರೆವಿನ ಕಾಯಿಲೆ) ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಉಳಿದವರಿಗಿಂತ ಅವರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚು. ಗಾಳಿ ಬೀಸಿದರೂ ಬೀಳ್ತಾರೆ ಅಂತ ನಾವು ಆಡಿಕೊಳ್ಳುವ ಆಟದ ಕತೆ ಇದು.

ರಗ್ಬಿಯ ಸ್ಟೀವ್ ಥಾಂಪ್ಸನ್ 2003ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಹುಕರ್, ಅಂದರೆ ಮುಂದಿನ ಸಾಲಿನ ನಡುವೆ ನಿಲ್ಲುವ ಆಟಗಾರ, ಆಗಿದ್ದವರು. ಅವರಿಗೆ ಆ ಫೈನಲ್ ಗೆದ್ದದ್ದೇ ನೆನಪಿಲ್ಲ. ಇದನ್ನು ಅವರು 2020ರಲ್ಲಿ ಹೇಳಿದಾಗ ವಯಸ್ಸು ಬರೀ 42. ಎರಡೂ ತಂಡದವರು ಬಾಗಿ ತಳ್ಳಾಡುವ ಸ್ಕ್ರಮ್‌ನಲ್ಲಿ ತಲೆ ಕೊಟ್ಟು ತಳ್ಳುವುದನ್ನೇ ನಾವು ಇಷ್ಟು ವರ್ಷ ಗಟ್ಟಿತನ ಅಂದೆವು.

ಇದೆಲ್ಲ ಗೊತ್ತಾದ ಮೇಲೆ ಒಂದು ಒಳ್ಳೆಯ ಬದಲಾವಣೆ ಬಂದಿದೆ. ರಗ್ಬಿಯಲ್ಲಿ ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಹೊರಗೆ ಕರೆದು ಪರೀಕ್ಷೆ ಮಾಡುತ್ತಾರೆ. ಮತ್ತೆ ಒಳಗೆ ಬಿಡಬೇಕೋ ಬೇಡವೋ ಅನ್ನುವುದನ್ನು ಡಾಕ್ಟರ್ ಹೇಳುತ್ತಾರೆ. ಆಟಗಾರನನ್ನು ಕೇಳಿದರೆ ಅವನು "ನಾನು ಸರಿಯಾಗಿದ್ದೀನಿ" ಅಂತಲೇ ಅನ್ನುವುದು. ಕ್ರಿಕೆಟ್‌ನಲ್ಲೂ 2019ರಿಂದ ತಲೆಗೆ ಪೆಟ್ಟಾದರೆ ಬದಲಿ ಆಟಗಾರ ಪೂರ್ತಿಯಾಗಿ ಆಡಬಹುದು. ಸ್ಟೀವ್ ಸ್ಮಿತ್ ಜಾಗಕ್ಕೆ ಲಾರ್ಡ್ಸ್‌ನಲ್ಲಿ ಲಾಬುಶೇನ್ ಬಂದದ್ದು ಹಾಗೆ. ಸ್ಮಿತ್ ಮುಂದಿನ ಟೆಸ್ಟ್ ಬಿಟ್ಟರು, ಅದರ ಮುಂದಿನ ಟೆಸ್ಟ್‌ಗೆ ಬಂದು 211 ಹೊಡೆದರು. ಅವರನ್ನು ಮೆತ್ತಗಿನವರು ಅಂತ ಯಾರಾದರೂ ಅಂದರಾ?

ಹಾಗಾದರೆ ಟೆಸ್ಟ್‌ನಲ್ಲಿ ಕಾಲು ಮುರಿದವನಿಗೆ, ಭುಜ ಜಾರಿದವನಿಗೆ ಯಾಕಿಲ್ಲ? ಪಂತ್ ಗಾಯ ಆದ ಮೇಲೆ ಭಾರತದ ಕೋಚ್ ಗಂಭೀರ್ ಬದಲಿ ಬೇಕು ಅಂದರು. ಇಂಗ್ಲೆಂಡ್ ನಾಯಕ ಬೆನ್ ಸ್ಟೋಕ್ಸ್ ಅದು ಹುಚ್ಚು ಮಾತು, ಎಲ್ಲರೂ ನೆಪ ಹುಡುಕುತ್ತಾರೆ ಅಂದರು. ಸ್ಟೋಕ್ಸ್ ಭಯ ನನಗೆ ಅರ್ಥವಾಗುತ್ತದೆ. ಸುಸ್ತಾದ ಬೌಲರ್‌ಗೆ ಮಂಡಿ ನೋವು ಅಂತ ಹೇಳಿ ಹೊಸಬನನ್ನು ಇಳಿಸುವ ತಂಡಗಳು ಇದ್ದೇ ಇರುತ್ತವೆ. ಆದರೂ ಈ ವಿಷಯದಲ್ಲಿ ನಾನು ಗಂಭೀರ್ ಕಡೆಗೆ. ಸ್ಕ್ಯಾನ್‌ನಲ್ಲಿ ಮೂಳೆ ಮುರಿದದ್ದು ಕಾಣಬೇಕು, ಕೀಲು ತಪ್ಪಿದ್ದು ಕಾಣಬೇಕು. ಎರಡೂ ತಂಡಕ್ಕೆ ಸೇರದ ಡಾಕ್ಟರ್ ಸಹಿ ಹಾಕಬೇಕು. ಬರುವವನೂ ಅದೇ ಥರದ ಆಟಗಾರ ಆಗಿರಬೇಕು, ತಲೆ ಪೆಟ್ಟಿನ ವಿಷಯದಲ್ಲಿ ಈಗ ಇರುವ ಹಾಗೆ. ಇಷ್ಟು ಮಾಡೋಕೆ ಆಗದ ಕೆಲಸವೇನಲ್ಲ. ವೋಕ್ಸ್ ಆ ದಿನ ಡ್ರೆಸ್ಸಿಂಗ್ ರೂಮಿನಲ್ಲೇ ಕೂತು, ಅವರ ಬದಲಿಗೆ ಎರಡೂ ಕೈ ನೆಟ್ಟಗಿರುವ ಒಬ್ಬ ಬ್ಯಾಟ್ ಹಿಡಿದು ಬಂದಿದ್ದರೆ ನಾವು ಸೋಲುವ ಸಾಧ್ಯತೆಯೂ ಇತ್ತು. ಇರಲಿ, ಆಗಲೂ ನಾನು ಇದನ್ನೇ ಹೇಳುತ್ತಿದ್ದೆ.