ಸ್ಕೋರ್‌ಬುಕ್ಕಿಗೆ ಸಿಗದ ಪಾಸ್

ಫೆಬ್ರವರಿ 7, 2025, ಶುಕ್ರವಾರ
ಶಾರ್ಲಟ್, ನಾರ್ತ್ ಕ್ಯಾರೊಲಿನಾ

ನಮ್ಮ ಅಕ್ಕನ ಮಗ ಇಲ್ಲಿಂದ ಎರಡು ಗಂಟೆ ದಾರಿಯ ಒಂದು ಸಣ್ಣ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಅಸಿಸ್ಟೆಂಟ್ ಕೋಚ್. ಇಂಜಿನಿಯರಿಂಗ್ ಮಾಡಿ ಈ ಕೆಲಸ ಹಿಡಿದ ಅಂತ ಅಕ್ಕನಿಗೆ ಇನ್ನೂ ಬೇಜಾರು. ಚಳಿಗಾಲ ಬಂತೆಂದರೆ ಮಂಗಳವಾರ, ಶುಕ್ರವಾರ ಸಂಜೆ ತನ್ನ ಟೀಮಿಗೆ ಹುಡುಗರನ್ನು ಹುಡುಕಿಕೊಂಡು ಹೈಸ್ಕೂಲ್ ಜಿಮ್‌ಗಳನ್ನು ಸುತ್ತುತ್ತಾನೆ. ಇವತ್ತು ನಮ್ಮ ಮನೆ ಹತ್ತಿರದ ಹೈಸ್ಕೂಲಿಗೆ ಒಬ್ಬ ಗಾರ್ಡ್‌ನನ್ನು, ಅಂದರೆ ಬಾಲ್ ಹಿಡಿದು ಆಟ ನಡೆಸುವವನನ್ನು, ನೋಡಲು ಬಂದಿದ್ದ. "ಮಾಮ, ನೀವೂ ಬನ್ನಿ" ಅಂದ. ಮೈಸೂರಿನಲ್ಲಿ ಕಾಲೇಜ್ ಟೀಮಿಗೆ ಆಡಿದವನು ನಾನು, ಕರೆದರೆ ಬಿಡ್ತೀನಾ?

ಹುಡುಗ ಹನ್ನೊಂದನೇ ಕ್ಲಾಸು, ನಮ್ಮ ಲೆಕ್ಕದಲ್ಲಿ ಮೊದಲ ಪಿಯುಸಿ. ಟೀಮ್ ಪಟ್ಟಿಯಲ್ಲಿ ಎತ್ತರ ಆರಡಿ ಎರಡಿಂಚು ಅಂತ ಬರೆದಿತ್ತು. "ಶೂ, ಕೂದಲು ಎಲ್ಲಾ ಸೇರಿಸಿ ಅಳೆದಿದ್ದಾರೆ" ಅಂದ ಅಳಿಯ.

ಮೊದಲರ್ಧದಲ್ಲಿ ಹುಡುಗ ಸಿಡಿದೇಬಿಟ್ಟ. ಬಲಗಡೆಯಿಂದ ನುಗ್ಗಿ ಬುಟ್ಟಿ ಪಕ್ಕದಿಂದಲೇ ಲೇಅಪ್, ಮತ್ತೆ ಬಲಗಡೆಯಿಂದಲೇ ನುಗ್ಗಿ ಮೇಲಕ್ಕೆ ತೇಲಿಸಿ ಬಿಡುವ ಫ್ಲೋಟರ್, ಮೂಲೆಯಿಂದ ಮೂರು ಪಾಯಿಂಟಿನ ತ್ರೀ. ಜನ ಎದ್ದು ನಿಂತು ಕೂಗುತ್ತಿದ್ದರು, ನಾನೂ ಸೇರಿ. ಅಳಿಯನ ನೋಟ್‌ಬುಕ್ ನೋಡಿದರೆ ಹಾಳೆ ಖಾಲಿ. ಏನಪ್ಪಾ ಅಂದೆ. "ಇಷ್ಟು ಸಡಿಲ ಡಿಫೆಂಡರ್ ಕಾಲೇಜಲ್ಲಿ ಸಿಗಲ್ಲ ಮಾಮ. ಎಡಗೈ ಒಂದ್ಸಲನೂ ತೆಗೆದಿಲ್ಲ. ಬಾಲ್ ಬಿಡಿ, ಕಾಲು ನೋಡಿ."

ನೋಡಿದೆ. ಹೈಸ್ಕೂಲಿನ ತ್ರೀ ಪಾಯಿಂಟ್ ಗೆರೆ ಬುಟ್ಟಿಯಿಂದ 19 ಅಡಿ 9 ಇಂಚು. ಕಾಲೇಜ್ ಗಂಡಸರದ್ದು 22 ಅಡಿ 1¾ ಇಂಚು. ಹತ್ತಿರ ಹತ್ತಿರ ಎರಡೂವರೆ ಅಡಿ ಜಾಸ್ತಿ. ಗೆರೆಗೆ ಬೆರಳು ತಾಗಿಸಿಕೊಂಡು ಹೊಡೆಯುವವನು ಅಲ್ಲಿಗೆ ಹೋದರೆ ತೋಳಿಗೆ ಬಲ ಸಾಲದೆ ಬಾಲ್ ರಿಮ್ಮಿನ ಮುಂದೆಯೇ ಬೀಳುತ್ತೆ. ಈ ಹುಡುಗ ಮಾತ್ರ ಗೆರೆಯಿಂದ ಒಂದು ಹೆಜ್ಜೆ ಹಿಂದೆ ನಿಂತೇ ಹೊಡೆಯುತ್ತಿದ್ದ. ಅದಕ್ಕೆ ಅಳಿಯನ ನೋಟ್‌ಬುಕ್ಕಿನಲ್ಲಿ ಒಂದು ಪ್ಲಸ್ ಬಿತ್ತು. ಫೌಲ್ ಆದಾಗ ಸಿಗುವ ಫ್ರೀ ಥ್ರೋಗೆ ಇನ್ನೊಂದು. ಅಲ್ಲಿ ಯಾರೂ ಅಡ್ಡ ನಿಲ್ಲುವುದಿಲ್ಲವಲ್ಲ, ಕೈಯ ಅಸಲಿ ಗುಣ ಅಲ್ಲೇ ಗೊತ್ತಾಗೋದು. ಎತ್ತರವನ್ನು ಅಳಿಯ ಬರೆದುಕೊಳ್ಳಲೇ ಇಲ್ಲ.

ಮೂರನೇ ಕ್ವಾರ್ಟರ್‌ನಲ್ಲಿ ಆ ಕಡೆಯ ಕೋಚ್ ವರಸೆ ಬದಲಾಯಿಸಿದ. ಹುಡುಗ ಅರ್ಧ ಗೆರೆ ದಾಟುತ್ತಿದ್ದ ಹಾಗೇ ಇಬ್ಬರು ಬಂದು ಮುತ್ತಿಕೊಳ್ಳೋದು. ಮೊದಲ ಸಲ ಬಾಲ್ ಕಿತ್ತುಕೊಂಡರು. ಎರಡನೇ ಸಲ ಗಾಬರಿಯಲ್ಲಿ ಎಸೆದದ್ದು ನೇರ ಔಟ್. ಅವನ ಟೀಮಿನ ಕೋಚ್ ಬೆಂಚಿನಿಂದ ಎದ್ದು ಏನೋ ಕಿರುಚಿದ. ಹುಡುಗ ಆ ಕಡೆ ತಿರುಗಲಿಲ್ಲ. ಸೆಂಟರ್ ಆಡುತ್ತಿದ್ದ ಉದ್ದನೆಯ ಹುಡುಗನ ಹತ್ತಿರ ಹೋಗಿ ಮೊದಲು ತನ್ನ ಎದೆ ಮುಟ್ಟಿಕೊಂಡ, ತಪ್ಪು ನಂದು ಅನ್ನೋ ಹಾಗೆ. ಆಮೇಲೆ ಎರಡು ಬೆರಳಲ್ಲಿ ಫ್ರೀ ಥ್ರೋ ಗೆರೆಯ ಕಡೆ ತೋರಿಸಿದ.

ಮುಂದಿನ ಸಲ ಇಬ್ಬರೂ ಮತ್ತೆ ಬಂದರು. ಈ ಸಲ ಹುಡುಗ ನುಗ್ಗಲಿಲ್ಲ. ಬಾಲ್ ಬಡಿಯುತ್ತಲೇ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅವರಿಬ್ಬರೂ ಅವನ ಹಿಂದೆಯೇ ಎಳೆದುಕೊಂಡು ಬಂದರು, ಮಧ್ಯ ಜಾಗ ಬಿತ್ತು. ಬಾಲ್ ಎಡಗೈಗೆ ಬಂತು, ಅಲ್ಲಿಂದಲೇ ಪುಟ ಕೊಟ್ಟು ಸೆಂಟರ್‌ಗೆ ಹೋಯ್ತು. ಫ್ರೀ ಥ್ರೋ ಗೆರೆಯಲ್ಲಿ ನಿಂತಿದ್ದ ಅವನು ಮೂಲೆಯಲ್ಲಿದ್ದವನಿಗೆ ಕೊಟ್ಟ, ಅವನು ತ್ರೀ ಹೊಡೆದ. ಪಾಯಿಂಟ್ ಹೊಡೆದವನದ್ದು, ಅವನಿಗೆ ಕೊನೆಯ ಪಾಸ್ ಕೊಟ್ಟ ಲೆಕ್ಕ, ಅಂದರೆ ಅಸಿಸ್ಟ್, ಸೆಂಟರ್‌ದು. ನಮ್ಮ ಹುಡುಗನ ಹೆಸರಿಗೆ ಸ್ಕೋರ್‌ಬುಕ್ಕಿನಲ್ಲಿ ಸೊನ್ನೆ. ಆದರೆ ಅಳಿಯ ಬಗ್ಗಿ ಕೂತು ಅರ್ಧ ಪುಟ ಗೀಚಿದ.

ಆಟ ಮುಗಿದ ಮೇಲೆ ಹುಡುಗನ ಅಪ್ಪ ಬಂದು ಮಾತಾಡಿಸಿದರು. ಪಾಪ, ಒಳ್ಳೆಯವರು. ಎರಡನೇ ವಾಕ್ಯಕ್ಕೇ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ತಾರೆ ಸ್ಟೆಫ್ ಕರಿಯ ಮಾತು ಬಂತು, ದೊಡ್ಡ ಕಾಲೇಜುಗಳಿಗೆ ಬೇಡವಾದ ಸಣಕಲು ಹುಡುಗ ಗೆದ್ದ ಮಾತು. ಶಾರ್ಲಟ್ ಊರಲ್ಲಿ ಸಣಕಲು ಗಾರ್ಡ್ ಹೆತ್ತ ಪ್ರತಿಯೊಬ್ಬರೂ ಹೇಳುವ ಕಥೆ ಇದು. ಕಥೆಯೇನೋ ನಿಜವೇ. ಕರಿ ಇಲ್ಲಿನ ಶಾರ್ಲಟ್ ಕ್ರಿಶ್ಚಿಯನ್ ಸ್ಕೂಲಿನವನು. ಅಪ್ಪ ಅಮ್ಮ ಇಬ್ಬರೂ ಆಡಿದ ವರ್ಜೀನಿಯಾ ಟೆಕ್ ಕೂಡ ಸ್ಕಾಲರ್‌ಶಿಪ್ ಕೊಡಲಿಲ್ಲ, ಬೇಕಾದರೆ ಹಾಗೇ ಬಾ ಅಂದರು. ಕರೆದು ಕೊಟ್ಟದ್ದು ಇಲ್ಲೇ ಪಕ್ಕದ ಡೇವಿಡ್‌ಸನ್ ಕಾಲೇಜಿನ ಕೋಚ್ ಬಾಬ್ ಮೆಕಿಲಪ್.

ನನಗೆ ಕಿರಿಕಿರಿಯಾಗೋದು ಈ ಕಥೆಯನ್ನು ಅರ್ಧಕ್ಕೇ ನಿಲ್ಲಿಸೋದು. ಮನೆಯಲ್ಲಿ ಡೆಲ್ ಕರಿಯಂಥ ಅಪ್ಪ ಇದ್ದರು, ಎನ್‌ಬಿಎಯಲ್ಲಿ 16 ಸೀಸನ್ ಆಡಿದ ಶೂಟರ್. ಸೊಂಟದ ಹತ್ತಿರದಿಂದ ಹೊಡೆಯುತ್ತಿದ್ದ ಮಗನನ್ನು ಒಂದು ಬೇಸಿಗೆ ಪೂರ್ತಿ ಕೂರಿಸಿಕೊಂಡು ತಲೆ ಮೇಲಿಂದ ಹೊಡೆಯುವ ಹಾಗೆ ತಿದ್ದಿದರು. ಹುಡುಗ ಅತ್ತಿದ್ದಾನೆ. ಇನ್ನೊಂದು ವಿಷಯ: ಲಾಸ್ ವೇಗಸ್‌ನ ಒಂದು ಟೂರ್ನಮೆಂಟಿನಲ್ಲಿ ಕರಿ ತೀರಾ ಕೆಟ್ಟದಾಗಿ ಆಡಿದ್ದನ್ನು ಮೆಕಿಲಪ್ ನೋಡಿದ್ದರು. ಬಾಲ್ ಕೈಜಾರುತ್ತಿತ್ತು, ಹೊಡೆದದ್ದು ಬೀಳುತ್ತಿರಲಿಲ್ಲ. ಆದರೂ ಅವನು ರೆಫ್ರಿಯನ್ನು ಬೈಯಲಿಲ್ಲ, ಜೊತೆಯವರ ಮೇಲೆ ಹಾಕಲಿಲ್ಲ, ಬೆಂಚಿನಲ್ಲಿ ಕೂತಾಗ ಟೀಮಿಗೆ ಚಪ್ಪಾಳೆ ಹೊಡೆಯುತ್ತಿದ್ದ. ಅದನ್ನು ನೋಡಿಯೇ ಇವನು ಬೇಕು ಅಂತ ತೀರ್ಮಾನಿಸಿದೆ ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ. 2006ರಲ್ಲಿ ಕಾಲೇಜಿನ ಮೊದಲ ಆಟದಲ್ಲೇ ಕರಿ 13 ಟರ್ನೋವರ್ ಮಾಡಿದ, ಅಂದರೆ 13 ಸಲ ಬಾಲನ್ನು ಎದುರಾಳಿಗೆ ಬಿಟ್ಟುಕೊಟ್ಟ. ಮುಂದಿನ ಆಟದಲ್ಲಿ ಮಿಷಿಗನ್ ಎದುರು 32 ಪಾಯಿಂಟ್. 13 ಟರ್ನೋವರ್ ಆದ ಮೇಲೂ ಅದೇ ಹುಡುಗನನ್ನು ಇಳಿಸುವ ಕೋಚ್ ಎಷ್ಟು ಜನಕ್ಕೆ ಸಿಗ್ತಾರೆ ಹೇಳಿ.

ನಾವು ನೋಡಿದ ಹುಡುಗನ ಅಪ್ಪನಿಗೆ ಮಗ ಡಿವಿಷನ್ 1, ಅಂದರೆ ಕಾಲೇಜ್ ಆಟದ ಮೇಲಿನ ದರ್ಜೆಯಲ್ಲಿ ಆಡಬೇಕು ಅನ್ನೋ ಆಸೆ. ತಪ್ಪೇನಿಲ್ಲ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಮೇಲೆ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಗೆ ಹೋಗಿ ಡಿವಿಷನ್ 1 ಆಡಲಿಲ್ವಾ? ಆದರೆ ಗಂಡು ಹುಡುಗರ ಪರಿಸ್ಥಿತಿ ಈಗ ಬಿಗಿ. ಒಂದು ಟೀಮಿಗೆ ಸ್ಕಾಲರ್‌ಶಿಪ್ ಇರೋದೇ ಕೆಲವು. ಟ್ರಾನ್ಸ್‌ಫರ್ ನಿಯಮ ಸಡಿಲವಾದ ಮೇಲೆ ಬೇರೆ ಕಾಲೇಜಿನಲ್ಲಿ ಆಗಲೇ ಆಡಿ ಪಳಗಿದ, ಮೈ ತುಂಬಿಕೊಂಡ ಇಪ್ಪತ್ತೆರಡರ ಹುಡುಗ ಸಿಗುತ್ತಾನೆ. ನಾಳೆಯೇ ಮ್ಯಾಚ್ ಗೆಲ್ಲಬೇಕಾದ ಕೋಚ್ ಹದಿನೇಳರ ಹುಡುಗನಿಗಾಗಿ ಯಾಕೆ ಕಾಯ್ತಾನೆ? ಏಟು ಬೀಳೋದು ಇಂಥ ಸಣಕಲು ಗಾರ್ಡ್‌ಗಳಿಗೇ.

ಅಳಿಯನ ಕಡೆ ಇನ್ನೊಂದು ತಾಪತ್ರಯ. ಅವನ ಕಾಲೇಜು ಡಿವಿಷನ್ 3, ಅಲ್ಲಿ ಆಟಕ್ಕೆ ಅಂತ ಒಂದು ಪೈಸೆ ಕೊಡುವ ಹಾಗಿಲ್ಲ. ಮಾರ್ಕ್ಸ್ ನೋಡಿ ಕೊಡುವ ಸಹಾಯಧನ, ಮನೆಯ ಆದಾಯ ನೋಡಿ ಕೊಡುವುದು, ಅಷ್ಟೇ. ಹಾಗಾಗಿ ಅವನು ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ ಗಣಿತದಲ್ಲಿ ಎಷ್ಟು ಬಂದಿದೆ ಅಂತ. ಅವರ ಮುಖ ಸಪ್ಪಗಾಯ್ತು.

ಕಾರಿನಲ್ಲಿ ನಾನು ವಾದ ಮಾಡಿದೆ. ಇನ್ನೇನು ಬೇಕು, ಎಡಗೈಯೂ ತೆಗೆದ, ಆ ಪಾಸ್ ಒಂದೇ ಸಾಕಲ್ವಾ? ಅಳಿಯ ಒಪ್ಪಲಿಲ್ಲ. ಇದು ಅವನ ಸ್ವಂತ ಜಿಮ್ಮು, ಎಲ್ಲಾ ಅವನ ಕಡೆಯವರೇ. ಹೊರಗಿನ ಊರಲ್ಲಿ, ಮೊದಲ ನಿಮಿಷದಿಂದಲೇ ಇಬ್ಬರು ಮೇಲೆ ಬಿದ್ದರೆ ಏನು ಮಾಡ್ತಾನೆ ನೋಡಬೇಕು ಅಂದ. ಮಂಗಳವಾರ ಅಂಥದ್ದೇ ಮ್ಯಾಚ್ ಇದೆ, ಮುಕ್ಕಾಲು ಗಂಟೆ ದಾರಿ. ನಾನೂ ಹೋಗ್ತಿದ್ದೀನಿ. ನನ್ನ ಕೈಗೂ ಒಂದು ನೋಟ್‌ಬುಕ್ ಕೊಡ್ತಾನಂತೆ. ಎಡಗೈ ಲೆಕ್ಕ ಮಾತ್ರ ನನ್ನದು, ಬೇರೆ ಏನೂ ಬರೆಯೋ ಹಾಗಿಲ್ಲ ಅಂತ ಈಗಲೇ ತಾಕೀತು ಮಾಡಿದ್ದಾನೆ.