ಗರಿಷ್ಠ ಧಾರಣೆಯನ್ನು ತಲೆಬರಹಕ್ಕೆ ಹಾಕಬೇಡಿ

ದಾವಣಗೆರೆಯಲ್ಲಿ ಕೃಷಿ ವರದಿ ಮಾಡುವವರಿಗೆ ದಿನಾ ತಪ್ಪದ ಕೆಲಸ ಅಂದ್ರೆ ಪೇಟೆ ಧಾರಣೆ. ಮೆಕ್ಕೆಜೋಳ, ಭತ್ತ, ಚನ್ನಗಿರಿ ಮತ್ತು ಭೀಮಸಮುದ್ರದ ಅಡಿಕೆ, ಚಳ್ಳಕೆರೆ ಶೇಂಗಾ, ಚಿತ್ರದುರ್ಗದ ಈರುಳ್ಳಿ. ಹೊಸದಾಗಿ ಸೇರಿದ ಹುಡುಗರಿಗೆ ಇದು ಬೇಸರದ ಕೆಲಸ. ನನ್ನ ಮಟ್ಟಿಗೆ ಪೇಪರ್‌ನಲ್ಲಿ ಇದಕ್ಕಿಂತ ಜವಾಬ್ದಾರಿಯ ಜಾಗ ಇನ್ನೊಂದಿಲ್ಲ. ಈ ನಾಲ್ಕು ಸಾಲು ಓದಿಕೊಂಡೇ ರೈತ ಟ್ರ್ಯಾಕ್ಟರ್ ಬಾಡಿಗೆ ಮಾತಾಡುತ್ತಾನೆ.

ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಪಟ್ಟಿಯಲ್ಲಿ ಮೂರು ಬೆಲೆ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಅವತ್ತು ಜಾಸ್ತಿ ಮಾಲು ಯಾವ ಬೆಲೆಗೆ ಹೋಯಿತೋ ಅದು ಮಾದರಿ ಬೆಲೆ. ರೈತನಿಗೆ ಬೇಕಾಗಿರುವುದು ಅದೇ. ಆದರೆ ತಲೆಬರಹಕ್ಕೆ ಏರುವುದು ಮಾತ್ರ ಗರಿಷ್ಠ.

ಆ ಗರಿಷ್ಠ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಪ್ರಾಂಗಣದಲ್ಲಿ ನಿಂತೇ ನೋಡಬೇಕು. ಮೆಕ್ಕೆಜೋಳದ ಸುಗ್ಗಿಯಲ್ಲಿ ಖರೀದಿದಾರ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸುತ್ತಾನೆ. ಮೇಲಿನ ಕಾಳು ಅವನಿಗೆ ಬೇಡ, ತಳದ್ದು ಬೇಕು. ಅಂಗೈಯಲ್ಲಿ ಉಜ್ಜಿ, ಒಂದು ಕಾಳನ್ನು ಹಲ್ಲಲ್ಲಿ ಕಡಿಯುತ್ತಾನೆ. ಟಕ್ ಅಂತ ಒಡೆದರೆ ಒಣಗಿದೆ, ಮೆತ್ತಗಾದರೆ ಹಸಿ. ಆಮೇಲೆ ಮೀಟರ್ ಇಡುತ್ತಾರೆ. ತೇವಾಂಶ ಶೇ 14ರ ಒಳಗಿದ್ದರೆ ಒಂದು ಬೆಲೆ, 18 ದಾಟಿದರೆ ಮಾತೇ ಬೇರೆ. ಒಂದೇ ಊರು, ಒಂದೇ ಬೀಜ, ಅಕ್ಕಪಕ್ಕದ ಹೊಲ. ಆದರೂ ಎರಡು ರಾಶಿಗೆ ಎರಡು ಬೆಲೆ. ಚೆನ್ನಾಗಿ ಒಣಗಿದ ಹತ್ತಾರು ಚೀಲಕ್ಕೆ ಸಿಕ್ಕ ಬೆಲೆಯನ್ನು ‘ಬಂಪರ್’ ಅಂತ ಬರೆದರೆ, ಮೋಡ ನೋಡಿ ಅವಸರದಲ್ಲಿ ಕಾಳು ತುಂಬಿಕೊಂಡು ಬಂದವನ ಗತಿ ಏನು? ಅಂಥ ಒಂದು ಸುದ್ದಿ ಓದಿ ಮಾಲು ತಂದಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು: ‘ಸಾರ್, ಪೇಪರ್‌ನಾಗೆ ಹಾಕಿದ್ದ ರೇಟು ಯಾವ ಅಂಗಡೀಲಿ ಕೊಡ್ತಾರೆ ಹೇಳ್ರಿ, ಅಲ್ಲಿಗೇ ಹೋಗ್ತೀನಿ.’ ಅವರಿಗೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ.

ಅಡಿಕೆಯದ್ದೂ ಹಾಗೆಯೇ. ‘ಸರಕು’, ‘ಬೆಟ್ಟೆ’, ‘ರಾಶಿ’, ‘ಗೊರಬಲು’ ಅಂತ ದರ್ಜೆ ಬಿಡಿಸಿ ಹೇಳದೆ ಸುಮ್ನೆ ‘ಅಡಿಕೆ ಕ್ವಿಂಟಲ್‌ಗೆ ಇಷ್ಟು’ ಅಂದರೆ ಅದು ಸುದ್ದಿಯೇ ಅಲ್ಲ. ದುಬಾರಿ ‘ಸರಕು’ ದರ್ಜೆಯ ಬೆಲೆ ತೋರಿಸಿ ‘ರಾಶಿ’ ದರ್ಜೆಯ ಅಡಿಕೆ ತಂದ ಬೆಳೆಗಾರನಿಗೆ ಆಸೆ ಹುಟ್ಟಿಸುವುದು ಅನ್ಯಾಯ.

ಬೆಂಬಲ ಬೆಲೆಯ ಸುದ್ದಿಯಲ್ಲಿ ಇನ್ನೂ ಹುಷಾರಾಗಿರಬೇಕು. 2025–26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಇಷ್ಟನ್ನೇ ಬರೆದು ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಬೆಲೆ ಘೋಷಣೆ ಆದ ಮಾತ್ರಕ್ಕೆ ಖರೀದಿ ಶುರುವಾಗುವುದಿಲ್ಲ. ಖರೀದಿ ಕೇಂದ್ರ ತೆರೆದಿದೆಯಾ, ಎಲ್ಲಿ, ಒಬ್ಬರಿಂದ ಎಷ್ಟು ಕ್ವಿಂಟಲ್ ತಗೋತಾರೆ, ನೋಂದಣಿಗೆ ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ) ಬೇಕಾ, ದುಡ್ಡು ಯಾವಾಗ ಖಾತೆಗೆ ಬರುತ್ತದೆ? ಓದುವವರು ಹುಡುಕುವುದು ಇದನ್ನೇ ಅಲ್ವಾ?

ಹಾಗಾಗಿ ನಮ್ಮ ಹುಡುಗರಿಗೆ ಹೇಳುವುದಿಷ್ಟು: ಮೊದಲ ಸಾಲಿನಲ್ಲೇ ಮಾದರಿ ಬೆಲೆ ಮತ್ತು ಆವಕ (ಅವತ್ತು ಪೇಟೆಗೆ ಬಂದ ಮಾಲು ಎಷ್ಟು ಅನ್ನುವುದು) ಬರಲಿ. ಗರಿಷ್ಠ ಬೆಲೆ ಬರೆಯುವುದಾದರೆ ಯಾವ ದರ್ಜೆಯ ಮಾಲು, ಎಷ್ಟು ಚೀಲ ಅನ್ನುವುದೂ ಜೊತೆಗಿರಲಿ. ಈರುಳ್ಳಿ ಆದರೆ ಗಡ್ಡೆಯ ಗಾತ್ರ, ಮಳೆಗೆ ಸಿಕ್ಕಿದ್ದೋ ಇಲ್ಲವೋ ಅನ್ನುವುದೂ ಬೇಕು. ಬೆಂಗಳೂರಿನ ಯಶವಂತಪುರ ಪೇಟೆಯ ಬೆಲೆ ಹಾಕಿದರೆ ಚಿತ್ರದುರ್ಗದಿಂದ ಅಲ್ಲಿಗೆ ಲಾರಿ ಬಾಡಿಗೆ, ಹಮಾಲಿ ಎಷ್ಟು ಅಂತಲೂ ಕೇಳಿ ಬರೆಯಿರಿ. ಸಾಲು ಜಾಸ್ತಿಯಾಯ್ತು ಅಂತ ಡೆಸ್ಕ್‌ನವರು ಕತ್ತರಿಸಲು ಬಂದರೆ ಬೇರೆ ಏನಾದರೂ ಕತ್ತರಿಸಲಿ, ಇದನ್ನು ಬಿಟ್ಟುಕೊಡಬೇಡಿ.